ಬಾರಸ್ಕೋತ ಹೋದ್ರ ಸೆಟ್ ಆಗ್ತದ್ರೀ

ಗಿಟಾರಿನ ಆರನೇ ತಂತಿ ಮೀಟಿದರೆ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಜರ್‌ರ್ ಅನ್ನುತ್ತಿತ್ತು.

"ಕಾಕಾ, ಇದ್ಯಾಕ್ರೀ ಹಿಂಗ್ ಅಂತದ?" ಅಂತ ಹುಡುಗ ಕೇಳಿದ.

ಅಂಗಡಿಯ ಕಾಕಾ ಕೈಯಲ್ಲಿದ್ದ ಚಹಾದ ಗ್ಲಾಸು ಕೂಡ ಕೆಳಗಿಡಲಿಲ್ಲ. "ಹೊಸಾದದ ಅಲ್ಲೋ ತಮ್ಮಾ. ಬಾರಸ್ಕೋತ ಹೋದ್ರ ಸೆಟ್ ಆಗ್ತದ."

ನಿನ್ನೆ ಸಂಜೆ, ಸೂಪರ್ ಮಾರ್ಕೆಟ್ ಬಜಾರಿನ ಕಡೆಯ ಒಂದು ಅಂಗಡಿ. ಹೆಸರು ಬೇಡ, ಹೇಳಿದರೂ ಉಪಯೋಗವಿಲ್ಲ. ಕಲಬುರಗಿಯ ಯಾವ ವಾದ್ಯದ ಅಂಗಡಿಗೆ ಹೋದರೂ ಈ ವಾಕ್ಯ ನಿಮಗಿಂತ ಮೊದಲೇ ಬಂದು ಕೌಂಟರಿನ ಮೇಲೆ ಕುಂತಿರುತ್ತದೆ. ತಂತಿ ಬೆರಳಿಗೆ ಎತ್ತರವಾಯಿತೇ? ಸೆಟ್ ಆಗ್ತದ. ಕೀ ತಿರುವಿದರೆ ಕಟಕಟ ಅನ್ನುತ್ತದೆಯೇ? ಸೆಟ್ ಆಗ್ತದ. ಪೇಟಿಯ, ಅಂದರೆ ಹಾರ್ಮೋನಿಯಂನ, ತಿದಿಯಿಂದ ಗಾಳಿ ಸೋರಿ ನುಡಿಸುವವನ ಬನಿಯನ್ ಒಣಗುತ್ತಿದೆಯೇ? ಅದೂ ಸೆಟ್ ಆಗ್ತದ. ಕೊಳಲು ಸೀಳಿದೆ ಅಂದರೂ ಕಾಕಾ ಒಂದು ಕ್ಷಣ ಯೋಚಿಸುತ್ತಾರೆ, ಅಷ್ಟೇ.

ಸಿಟ್ಟು ಬರುವುದು ಈ ಮಾತು ಪೂರ್ತಿ ಸುಳ್ಳಲ್ಲ ಅನ್ನುವುದಕ್ಕೆ. ಪೂರ್ತಿ ಸುಳ್ಳಾಗಿದ್ದರೆ ಜಗಳ ತೆಗೆದು ಎದ್ದು ಬರಬಹುದಿತ್ತು. ಹೊಸ ತಂತಿ ಎರಡು ಮೂರು ದಿನ ಹಿಗ್ಗುತ್ತದೆ. ಏರಿಸಿದ ಮೇಲೆ ಬೆರಳಿನಿಂದ ಮೆಲ್ಲಗೆ ಜಗ್ಗಿ ಮತ್ತೆ ಶ್ರುತಿ ಮಾಡಬೇಕು, ಆಮೇಲೆ ನಿಲ್ಲುತ್ತದೆ. ಎಡಗೈ ಬೆರಳ ತುದಿ ಮೊದಲ ವಾರ ಉರಿದು, ಎರಡು ಮೂರು ವಾರಕ್ಕೆ ಗಟ್ಟಿಯಾಗುತ್ತದೆ. ಹೊಸ ಚರ್ಮ ಏರಿಸಿದ ತಬಲಾ ಹೊಡೆತ ತಿಂದೇ ಹದಕ್ಕೆ ಬರಬೇಕು. ಸೆಟ್ ಆಗುವ ಸಾಮಾನು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದು ಇವತ್ತು ಹೇಗಿದೆಯೋ ನಾಳೆಯೂ ಹಾಗೇ, ಇಲ್ಲವೇ ಇನ್ನೂ ಕೆಟ್ಟದಾಗಿ ಇರುತ್ತದೆ.

ಆ ಜರ್‌ರ್ ಅನ್ನೇ ತಗೊಳ್ಳಿ. ಅದರ ಮೂಲ ಸಾಮಾನ್ಯವಾಗಿ ಗಿಟಾರಿನ ಕುತ್ತಿಗೆಯಲ್ಲಿರುತ್ತದೆ. ಕುತ್ತಿಗೆಗೆ ಅಡ್ಡಡ್ಡ ಕೂಡಿಸಿದ ಲೋಹದ ಪಟ್ಟಿಗಳೇ ಫ್ರೆಟ್ಟು. ಆರನೇ ತಂತಿಯನ್ನು ಮೊದಲನೇ ಫ್ರೆಟ್ಟಿನಲ್ಲಿ ಒಂದು ಬೆರಳಿನಿಂದ, ಹದಿನಾಲ್ಕನೆಯದರಲ್ಲಿ ಇನ್ನೊಂದರಿಂದ ಒತ್ತಿ ಹಿಡಿದು ಏಳನೇ ಫ್ರೆಟ್ಟಿನ ಹತ್ತಿರ ಕಣ್ಣು ಹಾಯಿಸಿ. ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿರಬೇಕು, ಅಂದರೆ 0.2ರಿಂದ 0.3 ಮಿಲಿಮೀಟರ್. ಸಂದೇ ಇಲ್ಲದಿದ್ದರೆ ಕುತ್ತಿಗೆ ಹಿಂದಕ್ಕೆ ಬಾಗಿದೆ, ತಂತಿ ಅದಕ್ಕೇ ಗೊಣಗುತ್ತಿದೆ. ಪೆನ್ಸಿಲ್ ಹೋಗುವಷ್ಟಿದ್ದರೆ ಮುಂದಕ್ಕೆ ಬಿಲ್ಲಾಗಿದೆ. ಒಳಗೆ ಟ್ರಸ್ ರಾಡ್ ಅಂತ ಉಕ್ಕಿನ ಸರಳಿರುತ್ತದೆ, ಅದನ್ನು ಅಲೆನ್ ಕೀ ಅನ್ನುವ ಬಾಗಿದ ಕೀಲಿಯಿಂದ ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ ಸರಿಮಾಡುತ್ತಾರೆ. ಅಲೆನ್ ಕೀ ಸಾಮಾನ್ಯವಾಗಿ ಗಿಟಾರಿನ ಡಬ್ಬಿಯಲ್ಲೇ ಬಂದಿರುತ್ತದೆ. ಡಬ್ಬಿ ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಅಗ್ಗದ ಕೆಲವು ಗಿಟಾರುಗಳಲ್ಲಿ ಈ ಸರಳೇ ಇರುವುದಿಲ್ಲ. ಆ ಕುತ್ತಿಗೆಯ ಭಾರ ನಮ್ಮೂರು ಕಾಯುವ ಬಂಡೆನವಾಜರಿಗೂ ಶರಣಬಸಪ್ಪನಿಗೂ ಬಿಟ್ಟದ್ದು.

ಒಂದೇ ಜಾಗದಲ್ಲಿ ಜರ್ ಅಂದರೆ ಅಲ್ಲೊಂದು ಫ್ರೆಟ್ ತಲೆ ಎತ್ತಿದೆ. ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್ಟುಗಳ ಮೇಲೆ ನಿಲ್ಲಿಸಿ ನೋಡಿ. ಕಾರ್ಡು ತೊಟ್ಟಿಲ ಹಾಗೆ ಆಡಿದರೆ ನಡುವಿನದೇ ಕಳ್ಳ. ಅರದಿಂದ ಉಜ್ಜಿದರೆ ಹೋಗುತ್ತದೆ, ಆರು ತಿಂಗಳು ಬಾರಿಸಿದರೆ ಹೋಗುವುದಿಲ್ಲ.

ಆದರೆ ಇದೆಲ್ಲ ನೋಡಬೇಕೆಂದರೆ ಗಿಟಾರ್ ಮೊದಲು ಕೈಗೆ ಸಿಗಬೇಕಲ್ಲ. ಅವು ಮಾಳಿಗೆಯ ಸರಳಿಗೆ ಸಾಲಾಗಿ ತೂಗುಬಿದ್ದಿರುತ್ತವೆ, ಕೊಕ್ಕೆಕೋಲು ಹಾಕಿ ಇಳಿಸಬೇಕು. ಇಳಿದ ಮೇಲೂ ಪ್ಲಾಸ್ಟಿಕ್ ಚೀಲ ಬಿಚ್ಚುವಂತಿಲ್ಲ. "ಧೂಳ ಹತ್ತತದ್ರೀ." ಹಾಗಾಗಿ ಚೀಲದ ಮೇಲಿನಿಂದಲೇ ಮೀಟಬೇಕು, ರೇನ್‌ಕೋಟ್ ತೊಟ್ಟವನ ನಾಡಿ ಹಿಡಿದ ಹಾಗೆ. ಹಟ ಹಿಡಿದು ಬಿಚ್ಚಿಸಿ. ತಂತಿಗಳ ಬುಡ ಹಿಡಿದಿಟ್ಟ ಬ್ರಿಜ್ಜಿನ ಹಿಂದಿನ ಅಂಚಿಗೆ ಒಂದು ಕಾಗದದ ಮೂಲೆ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಅಂತ ಲೆಕ್ಕ. ರಸ್ತೆಗೆ ಮುಖಮಾಡಿದ ಗಾಜಿನ ಶೋಕೇಸಿನದಂತೂ ಬೇಡವೇ ಬೇಡ, ಐನೂರು ಕಮ್ಮಿ ಮಾಡಿದರೂ ಬೇಡ. ನಮ್ಮ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಜಿನೊಳಗೆ ಇನ್ನೂ ಜಾಸ್ತಿ, ಅಂಟು ಅಲ್ಲಿ ಬೆಲ್ಲವಾಗುತ್ತದೆ.

ಈಗ ಶ್ರುತಿ ಮಾಡುವ ಪ್ರಸಂಗ. ಹುಡುಗ ಬಿಡಲಿಲ್ಲ, "ಟ್ಯೂನ್ ಮಾಡಿ ಕೊಡ್ರಿ" ಅಂದ. ಕಾಕಾ ಚಹಾ ಮುಗಿಸಿ, ಫೋನ್ ತೆಗೆದು ಟ್ಯೂನರ್ ಆಪ್ ತೆರೆದು ಕೌಂಟರಿಗೆ ಒರಗಿಸಿ ನಿಲ್ಲಿಸಿದರು. ಐದನೇ ತಂತಿ, ಎ, 110 ಹರ್ಟ್ಸ್. ಮೀಟಿದರು. ಸೂಜಿ ಎದ್ದು ಬಂದು ಹಸಿರಿನಲ್ಲಿ ನಿಂತಿತು.

"ನೋಡಪಾ, ಒಂದೇ ಏಟಿಗಿ!"

ತಂತಿಯ ದನಿ ಸತ್ತಿತು. ಸೂಜಿ ಹಸಿರಿನಲ್ಲೇ ಇತ್ತು. ಕಾಕಾ ಅಂಗೈಯಿಂದ ತಂತಿಗಳನ್ನೆಲ್ಲ ಮುಚ್ಚಿ ಹಿಡಿದರು. ಸೂಜಿ ಅಲ್ಲೇ. ಅದು ಶ್ರುತಿ ಹಿಡಿದದ್ದು ಪಕ್ಕದ ಜ್ಯೂಸ್ ಅಂಗಡಿಯ ಮಿಕ್ಸರಿಗೆ.

"ಏ, ಮಿಕ್ಸರ್ ಬಂದ್ ಮಾಡ್ರಪಾ, ಇಲ್ಲಿ ಸುರ ಹಚ್ಲತ್ತೀನಿ!" ಕಾಕಾ ಗೋಡೆಯ ಆಚೆಗೆ ಕೂಗಿದರು. ಮಿಕ್ಸರ್ ನಿಂತಿತು. ಅಷ್ಟರಲ್ಲಿ ಆಟೋ ಹಾರ್ನ್ ಹೊಡೆಯಿತು, ಸೂಜಿ ಬಲಕ್ಕೆ ಜಿಗಿಯಿತು. ಕಾಕಾ ಆಟೋದ ದನಿ ನೋಡಿ ನಾಲ್ಕನೇ ತಂತಿ ಇಳಿಸಿದರು. ಎದುರಿನ ಮೊಬೈಲ್ ಅಂಗಡಿಯ ಸ್ಪೀಕರಿನ ಸಲಹೆಯಂತೆ ಮೂರನೆಯದನ್ನು ಏರಿಸಿದರು. ಹೀಗೆ ಅರ್ಧ ಸೂಪರ್ ಮಾರ್ಕೆಟ್ಟು ಸೇರಿ ಆ ಗಿಟಾರಿಗೆ ಶ್ರುತಿ ಮಾಡುತ್ತಾ ಒಂದನೇ ತಂತಿಗೆ ಬಂದಿತು.

ಒಂದನೆಯದು ಇ ಇರಬೇಕು. ಅದು ಇ ದಾಟಿ ಎಫ್‌ನಲ್ಲಿತ್ತು. ಒಂದು ಚೂರು ಇಳಿಸಿದ್ದರೆ ಮುಗಿಯುತ್ತಿತ್ತು. ಕಾಕಾ ಏರಿಸಿದರು. ಎಫ್ ಶಾರ್ಪ್ ಬಂತು. ಇನ್ನೂ ಏರಿಸಿದರು, ಜಿ ಬಂತು. ಮುಂದೆ ಹೋದಂತೆ ಇ ಬಂದೇ ಬರುತ್ತದೆ ಅನ್ನುವುದು ಅವರ ನಂಬಿಕೆ. ಶಾಸ್ತ್ರದ ಪ್ರಕಾರ ಅದು ಸರಿಯೇ, ಇನ್ನೊಂದು ಸಪ್ತಕಕ್ಕೆ ಇ ಮತ್ತೆ ಬರುತ್ತದೆ, ಅಷ್ಟೊತ್ತಿಗೆ ತಂತಿ ಮಾತ್ರ ಇರುವುದಿಲ್ಲ. ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಜಿ ಶಾರ್ಪ್. ಕಾಕಾ ಉಸಿರು ಬಿಗಿಹಿಡಿದು ಇನ್ನರ್ಧ ಸುತ್ತು ತಿರುವಿದರು. ಟಣ್!

ಅಂಗಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೋಡೆಯ ಆಚೆಯಿಂದ, "ಆಯ್ತೇನ್ರೀ? ಮಿಕ್ಸರ್ ಚಾಲೂ ಮಾಡ್ಲೇನು?" ಅಂತ ದನಿ ಬಂತು.

"ಕಾಕಾ, ಇದೂ ಸೆಟ್ ಆಗ್ತದೇನ್ರೀ?" ಹುಡುಗ ಕೇಳಿದ.

"ಇಲ್ಲಪಾ. ಇದು ಹೊಸಾದು ಹಾಕಬೇಕಾಗ್ತದ. ಐವತ್ತು ರೂಪಾಯಿ."

ತಂತಿ ಹರಿದಾಗ ಮಾತ್ರ ಕಾಕಾಗೆ ವಾಸ್ತವದ ಅರಿವಾಗುತ್ತದೆ. ಫೋನಿನ ಆಪ್ ಗಾಳಿಯಲ್ಲಿ ಬಂದದ್ದನ್ನೆಲ್ಲ ಕೇಳುತ್ತದೆ, ಪೇಟೆಯಲ್ಲಿ ಅದು ಕೆಲಸಕ್ಕೆ ಬಾರದು. ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಕಟ್ಟಿಗೆಯ ಕಂಪನವನ್ನಷ್ಟೇ ಹಿಡಿಯುತ್ತದೆ, ಮುನ್ನೂರರ ಆಸುಪಾಸಿಗೆ ಸಿಗುತ್ತದೆ. ಅದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮೂರು ಇದ್ದವು. ಮೂರೂ ಪ್ಲಾಸ್ಟಿಕ್ಕಿನೊಳಗೆ.

ಐವತ್ತರ ತಂತಿ ಡ್ರಾದಿಂದ ಬಂತು, ಹಳೆಯ ಪೇಪರಿನ ತುಂಡಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು. ಪೇಪರಿನ ಮೇಲೆ ತೊಗರಿಯ ಧಾರಣೆ ಇತ್ತು, ತಂತಿಯ ದಪ್ಪ ಎಷ್ಟು ಅಂತ ಇರಲಿಲ್ಲ. ಒಂದನೇ ತಂತಿ 0.010 ಇಂಚಿನದೂ ಬರುತ್ತದೆ, 0.011, 0.012ರದೂ ಬರುತ್ತದೆ, ಉಳಿದ ಐದು ಯಾವ ಸೆಟ್ಟಿನವೋ ಇದೂ ಅದರದೇ ಆದರೆ ಕೈಗೆ ಸಮ ಸಿಗುತ್ತದೆ. ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ತಗೊಂಡು ಹೋದವರಿಗೂ ಇದೇ ಡ್ರಾದ ಉಕ್ಕಿನ ತಂತಿ ಕೊಡುತ್ತಾರೆ, "ತಂತಿ ತಂತೀನೇ ಅಲ್ರೀ?" ಅಂತ. ನೈಲಾನಿನ ಆರೂ ತಂತಿ ಸೇರಿ ಸುಮಾರು 40 ಕಿಲೋದಷ್ಟು ಜಗ್ಗುತ್ತವೆ. ಉಕ್ಕಿನ 0.012ರ ಸೆಟ್ಟು 70 ಕಿಲೋ ದಾಟುತ್ತದೆ. ಒಂದು ಬೇಸಿಗೆ ಕಳೆಯುವುದರೊಳಗೆ ಬ್ರಿಜ್ ಎದ್ದು ನಿಲ್ಲುತ್ತದೆ, ಇಲ್ಲವೇ ಕುತ್ತಿಗೆ ಬಾಗಿ ನಮಸ್ಕಾರ ಮಾಡುತ್ತದೆ.

ತಂತಿಯ ಎತ್ತರದ ವಿಷಯ ಬೇಗ ಹೇಳಿಬಿಡುತ್ತೇನೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ಶಾಲೆಯ ಸ್ಕೇಲ್ ಇಟ್ಟರೆ ಆರನೇ ತಂತಿ ಎರಡೂವರೆ ಮಿಲಿಮೀಟರ್, ಒಂದನೆಯದು ಎರಡು, ಇಷ್ಟರ ಹತ್ತಿರ ಇರಬೇಕು. ನಾಲ್ಕಿದ್ದರೆ ಮಕ್ಕಳು ತಿಂಗಳೊಳಗೆ ಗಿಟಾರ್ ಬಿಟ್ಟು ಕ್ರಿಕೆಟ್ಟಿಗೆ ಹೋಗುತ್ತಾರೆ, ತಪ್ಪು ಅವರದಲ್ಲ. ಹಾಗೇ ತಲೆಯ ಬುಡದಲ್ಲಿ ತಂತಿ ಹಾಯುವ ಪಟ್ಟಿಯಿಂದ, ಅಂದರೆ ನಟ್ಟಿನಿಂದ, ಹನ್ನೆರಡನೇ ಫ್ರೆಟ್ಟಿಗೆ 325 ಮಿಲಿಮೀಟರ್ ಇದ್ದರೆ, ಅಲ್ಲಿಂದ ಬ್ರಿಜ್ಜಿನ ಬಿಳಿ ಪಟ್ಟಿಗೂ ಅಷ್ಟೇ, ಎರಡು ಮೂರು ಮಿಲಿಮೀಟರ್ ಜಾಸ್ತಿ ಇರಬೇಕು. ಟೇಪ್ ಇಲ್ಲ ಅಂದರೆ ಯಾವುದಾದರೂ ಟೇಲರ್ ಅಂಗಡಿಯಲ್ಲಿ ಕೇಳಿ. ಒಂದು ಸೆಂಟಿಮೀಟರ್ ತಪ್ಪಿದ್ದರೆ ಮೇಲಿನ ಸ್ವರಗಳೆಲ್ಲ ಬೇಸೂರು. ಅದು ಸೆಟ್ ಆಗಬೇಕಾದರೆ ಇಪ್ಪತ್ತು ಫ್ರೆಟ್ಟುಗಳೂ ಎದ್ದು ಒಂದೊಂದು ಹೆಜ್ಜೆ ಸರಿದು ಕೂಡಬೇಕು.

ಮನೆಗೆ ಬಂದ ಮೇಲೆ ನಮ್ಮ ಕಡೆಯ ತಪ್ಪು ಶುರು. ಹಗಲು ತಗಡಿನ ಪತ್ರಾಸಿನ ಕೆಳಗಿನ ಗೋಡೆಗೆ ತೂಗುಹಾಕುತ್ತೇವೆ, ರಾತ್ರಿ ಕೂಲರಿನ ಮುಂದೆ ಮಲಗಿಸುತ್ತೇವೆ. ಹಗಲಿನ ಒಣಗಾಳಿಗೆ ಕಟ್ಟಿಗೆ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಬಂದು ಅಂಗೈ ಗೀರುತ್ತವೆ, ಹೊಟ್ಟೆ ಇಳಿದು ತಂತಿ ಫ್ರೆಟ್ಟಿಗೆ ತಾಗುತ್ತದೆ. ಕೂಲರಿನ ಹಸಿಗಾಳಿಗೆ ಅದೇ ಕಟ್ಟಿಗೆ ಉಬ್ಬುತ್ತದೆ. ಗಿಟಾರಿಗೆ ಬೇಕಾದದ್ದು 45ರಿಂದ 55 ಪ್ರತಿಶತ ತೇವ, ಅದೂ ಒಂದೇ ಸಮ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜಿಟ್ಟು, ಗಿಟಾರಿನ ಜೊತೆ ಚೀಲದಲ್ಲಿ ಹಾಕಿ ಜಿಪ್ ಎಳೆದರೆ ಬೇಸಿಗೆ ದಾಟುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಇದೊಂದು ಕಡೆ ಕಾಕಾನ ಮಾತಿಗೆ ಜಾಗವಿದೆ: ಮೇ ತಿಂಗಳ ಜರ್‌ರ್ ಆಗಸ್ಟಿನ ಮಳೆಗೆ ತಾನಾಗಿ ನಿಂತರೂ ನಿಂತೀತು. ಫೆಬ್ರವರಿಗೆ ವಾಪಸ್ ಬರುತ್ತದೆ.

ಪೇಟಿಯ ಗಿರಾಕಿಗಳು ಬೇರೆ. ಶ್ರಾವಣಕ್ಕೆ ಮುಂಚೆ ಭಜನೆ ಮಂಡಳಿಯವರು ಐದು ಜನ ಒಟ್ಟಿಗೆ ಬರುತ್ತಾರೆ. ಒಬ್ಬರು ಪಾಲಿಶ್ ನೋಡುತ್ತಾರೆ, ಇಬ್ಬರು ರೇಟು ಕಡಿಯುತ್ತಾರೆ, ಒಬ್ಬರು ಒತ್ತುವ ಮನೆ 39ರದೋ 42ರದೋ ಅಂತ ಎಣಿಸುತ್ತಾರೆ, ಹಾಡುವವರು ಹೊರಗೆ ನಿಂತು ಎಲೆ ಅಡಿಕೆ ಹಾಕುತ್ತಿರುತ್ತಾರೆ. ಸೋರಿಕೆ ಯಾರೂ ನೋಡುವುದಿಲ್ಲ. ಗಾಳಿಯ ದಾರಿ ತೆರೆಯುವ ಸ್ಟಾಪರುಗಳನ್ನೆಲ್ಲ ಎಳೆದು, ತಿದಿ ತುಂಬ ಗಾಳಿ ಒತ್ತಿ, ಯಾವ ಮನೆಯನ್ನೂ ಮುಟ್ಟದೆ ಸುಮ್ಮನೆ ಕೂತು ನೋಡಬೇಕು. ಒಳ್ಳೆಯ ಪೇಟಿಯ ಗಾಳಿ ನಿಧಾನ ಇಳಿಯುತ್ತದೆ, ಕೆಟ್ಟದ್ದು ಉಸ್ ಅಂತ ಕೂತುಬಿಡುತ್ತದೆ. ಮುಟ್ಟದೆಯೇ ಯಾವುದೋ ಸ್ವರ ಮುಲುಗಿದರೆ ಒಳಗಿನ ಮುಚ್ಚಳ ಕೂಡುತ್ತಿಲ್ಲ ಅಂತ ಅರ್ಥ. ತಬಲಾಕ್ಕೆ ಹೋದವರು ಹಾಡುವವರ ಪಟ್ಟಿ, ಅಂದರೆ ಪೇಟಿಯ ಯಾವ ಮನೆಯನ್ನು ಸಾ ಮಾಡಿ ಹಾಡುತ್ತಾರೆ ಅನ್ನುವುದನ್ನು, ಕೇಳಿಕೊಂಡು ಹೋಗಿ, ಕಪ್ಪು ಒಂದೋ ಕಪ್ಪು ಐದೋ. ಕಪ್ಪು ಒಂದಕ್ಕೆ ಐದೂವರೆ ಇಂಚಿನ ಬಾಯಿಯದು ನಡೆಯುತ್ತದೆ. ಸುತ್ತಿಗೆ ಎಷ್ಟು ಬಡಿದರೂ ಅದು ಕಪ್ಪು ಐದಕ್ಕೆ ಹೋಗುವುದಿಲ್ಲ.

ಪೇಟಿ ರಿಪೇರಿ ಮಾಡುವ ಒಬ್ಬ ಮುದುಕರು ಮೊದಲೆಲ್ಲ ಇಂಥ ಅಂಗಡಿಗಳ ಹಿಂದಿನ ಕೋಣೆಯಲ್ಲಿ ಇರುತ್ತಿದ್ದರು. ಹಿತ್ತಾಳೆಯ ರೀಡಿನ ನಾಲಿಗೆಯ ಕೆಳಗೆ ಬ್ಲೇಡಿನ ಚೂರು ತೂರಿಸಿ, ಸಣ್ಣ ಅರದಿಂದ ತುದಿಯಲ್ಲಿ ಎರಡೇ ಸಲ ಕೆರೆಯುವರು, ಸ್ವರ ಕೂದಲೆಳೆಯಷ್ಟು ಏರುವುದು. ಜಾಸ್ತಿಯಾಯಿತೆಂದರೆ ಬುಡದಲ್ಲಿ ಒಮ್ಮೆ ಕೆರೆದರೆ ಇಳಿಯುವುದು. ಬಾಯಿಂದ ಊದಿ ಪುಡಿ ಹಾರಿಸಿ, ಅದೇ ಸ್ವರದ ಜೋಡಿ ರೀಡಿನ ಜೊತೆ ಕೂಡಿಸಿ ಕೇಳುವರು, ಎರಡೂ ದನಿಗಳ ನಡುವಿನ ಅಲೆ ನಿಧಾನವಾಗುತ್ತಾ ನಿಧಾನವಾಗುತ್ತಾ ನಿಲ್ಲುವ ತನಕ. ಸೆಟ್ ಆಗ್ತದ ಅಂತ ಅವರು ಅಂದದ್ದಿಲ್ಲ. "ನಾಳಿ ಬರ್ರಿ" ಅನ್ನುತ್ತಿದ್ದರು. ಅವರ ನಾಳೆ ನಾಲ್ಕು ದಿನಕ್ಕೆ ಬರುತ್ತಿತ್ತು, ಆದರೆ ಬಂದಾಗ ಪೇಟಿ ಶ್ರುತಿಯಲ್ಲಿರುತ್ತಿತ್ತು. ಈಗ ಆ ಕೋಣೆಯಲ್ಲಿ ಗಿಟಾರಿನ ಖಾಲಿ ಡಬ್ಬಿಗಳಿವೆ. ಅಲೆನ್ ಕೀಗಳೂ ಅಲ್ಲೇ ಇರಬೇಕು.

ಹುಡುಗ ಕೊನೆಗೆ ಅದೇ ಗಿಟಾರ್ ತಗೊಂಡ. ಬ್ಯಾಗು, ಬೆಲ್ಟು, ಎರಡು ಪಿಕ್ಕು ಫ್ರೀ. ಬ್ಯಾಗಿಗೆ ಹತ್ತು ಮಿಲಿಮೀಟರ್ ಸ್ಪಂಜು ಇರಬೇಕಿತ್ತು. ಇದರಾಚೆ ಹಿಡಿದ ಬೆರಳು ಈಚೆ ಕಾಣುತ್ತಿತ್ತು. ಸ್ಕ್ಯಾನ್ ಮಾಡಿ ದುಡ್ಡು ಹಾಕಿದ. ಕೌಂಟರಿನ ಡಬ್ಬಿ ಹೆಣ್ಣುದನಿಯಲ್ಲಿ ಮೂರು ಸಾವಿರದ ಐನೂರೈವತ್ತು ರೂಪಾಯಿ ಜಮೆಯಾಯಿತೆಂದು ಘೋಷಿಸಿತು. ಕಾಕಾನ ಫೋನಿನಲ್ಲಿ ಟ್ಯೂನರ್ ಇನ್ನೂ ತೆರೆದೇ ಇತ್ತು. ಸೂಜಿ ಎದ್ದಿತು, ಅತ್ತಿತ್ತ ಹೊಯ್ದಾಡಿತು, ಹಸಿರಿನ ಮಗ್ಗುಲಿಗೆ ಬಂದು ನಿಂತಿತು.

ಕಾಕಾ ಬಗ್ಗಿ ನೋಡಿದರು. "ಒಂದ್ ಚೂರು ಮ್ಯಾಲದ" ಅಂದರು.