ಹಿಡಿದ ಚೆಂಡಿಗೆ ಲೆಕ್ಕವಿಲ್ಲ

ಮಾರಿಯೊ ಮೆಂಡೋಸಾ 1979ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವಾದ ಸಿಯಾಟಲ್ ಮ್ಯಾರಿನರ್ಸ್‌ನ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ಕಾಯುವ ಫೀಲ್ಡರ್ ಆಗಿದ್ದ. ತಾಯ್ನಾಡಾದ ಮೆಕ್ಸಿಕೊದಲ್ಲಿ ಅವನಿಗೆ ‘ರೇಷ್ಮೆ ಕೈಯವನು’ ಎಂಬ ಬಿರುದಿತ್ತು. ಅವನ ಫೀಲ್ಡಿಂಗ್ ಅಷ್ಟು ನಯವಾಗಿತ್ತು. ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ ಮಾತ್ರ 0.198, ಅಂದರೆ ಹತ್ತು ಸಲ ಬ್ಯಾಟು ಹಿಡಿದರೆ ಎರಡು ಸಲವೂ ಗೆಲುವಿಲ್ಲ. ಲೋಕ ಕೈಯ ಕಥೆಯನ್ನು ಮರೆತು ಬ್ಯಾಟಿನ ಕಥೆಗೆ ಸ್ಮಾರಕ ಕಟ್ಟಿತು. ಅಮೆರಿಕದ ಬೇಸ್‌ಬಾಲ್ ಮಂದಿ 0.200 ಎಂಬ ಅಂಕಿಯನ್ನು ಇಂದಿಗೂ ‘ಮೆಂಡೋಸಾ ಗೆರೆ’ ಎಂದೇ ಕರೆಯುತ್ತಾರೆ. ನಮ್ಮ ಲಕ್ಷ್ಮಣ ಎಳೆದ ಗೆರೆಯನ್ನು ದಾಟಿದರೆ ಅಪಾಯವಿತ್ತು. ಈ ಗೆರೆಯಿಂದ ಕೆಳಗಿಳಿದರೆ ಅಪಾಯ. ವ್ಯತ್ಯಾಸ ಇಷ್ಟೆ: ಅಲ್ಲಿ ಹೊತ್ತೊಯ್ಯಲು ರಾವಣ ಬರಬೇಕಾಯಿತು, ಇಲ್ಲಿ ಆ ಕೆಲಸಕ್ಕೆ ಟಿಕೆಟ್ ಕೊಂಡ ಯಾವ ಪ್ರೇಕ್ಷಕನೂ ಸಾಕು.

ಸರಿಯಾಗಿ 35 ವರ್ಷಗಳ ಬಳಿಕ, 2014ರಲ್ಲಿ, ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿ ನಡುಮೈದಾನ ಕಾಯುವ ಸೆಂಟರ್ ಫೀಲ್ಡರ್ ಜಾಕಿ ಬ್ರಾಡ್ಲಿ ಜೂನಿಯರ್ ಅದೇ 0.198ಕ್ಕೆ ಬಂದು ನಿಂತ. ಅಂಕಿಯಲ್ಲಿ ಒಂದು ಕೂದಲೆಳೆಯ ಅಂತರವೂ ಇಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಅವನನ್ನು ಕೆಳದರ್ಜೆಯ ಪಾಟಕೆಟ್ ತಂಡಕ್ಕೆ ಸಾಗಹಾಕಲಾಯಿತು. ಅಕ್ಟೋಬರ್‌ನಲ್ಲಿ ಶ್ರೇಷ್ಠ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಅವನ ಹೆಸರು ಕಾಣಿಸಿಕೊಂಡಿತು. ಮನೆಯಿಂದ ಹೊರಗೆ ಹಾಕಿದ ಮೇಲೆ ಮನೆಗೆಲಸಕ್ಕೆ ಮೆಚ್ಚುಗೆಪತ್ರ ಕಳುಹಿಸಿದಂತಾಯಿತು. ಅಂದಿನಿಂದ ಎಂಟು ವರ್ಷಗಳ ಕಾಲ ಬಾಸ್ಟನ್ ನಗರ ಒಂದೇ ಪ್ರಶ್ನೆಯನ್ನು ಮಗ್ಗಿಯಂತೆ ಒಪ್ಪಿಸುತ್ತ ಬಂತು: ಇವನಿಗೆ ಬ್ಯಾಟು ಬೀಸಲು ಬಾರದು, ಇವನೇಕೆ ಆಡುವ ಒಂಬತ್ತು ಮಂದಿಯಲ್ಲಿ ಇರಬೇಕು?

ಈ ಆಟದ ಸರಾಸರಿಯ ಮಹಿಮೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೆಂಡನ್ನು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಅದೊಂದು ಹಿಟ್. ಹತ್ತು ಸಲ ಬ್ಯಾಟು ಹಿಡಿದು ನಿಂತು ಮೂರು ಹಿಟ್ ಗಳಿಸಿದವನು, ಅಂದರೆ ಏಳು ಸಲ ಸೋತವನು, ಬೇಸ್‌ಬಾಲ್‌ನಲ್ಲಿ ಮಹಾನುಭಾವ. ಎಂಟು ಸಲ ಸೋತವನು ಮಹಾಪಾಪಿ. ಒಬ್ಬ ಬ್ಯಾಟರ್‌ಗೆ ವರ್ಷಕ್ಕೆ 500 ಅವಕಾಶ ಸಿಗುತ್ತದೆ ಎಂದುಕೊಂಡರೆ, ಮಹಾನುಭಾವನಿಗೂ ಮಹಾಪಾಪಿಗೂ ನಡುವಣ ಅಂತರ 50 ಹಿಟ್. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 26 ವಾರಗಳಿಗೆ ಅದನ್ನು ಹಂಚಿದರೆ ವಾರಕ್ಕೆ ಎರಡು. ಆ ಎರಡರಲ್ಲಿ ಒಂದು ಎದುರಾಳಿ ಫೀಲ್ಡರ್‌ನ ಕೈಬೆರಳಿಗೆ ತಾಗಿ ಜಾರಿದ ಚೆಂಡಾಗಿರಬಹುದು, ಇನ್ನೊಂದು ಹುಲ್ಲಿನ ಗುಡ್ಡೆಗೆ ಬಡಿದು ದಿಕ್ಕು ಬದಲಿಸಿದ್ದಾಗಿರಬಹುದು. ಆದರೆ ಮನುಷ್ಯನ ಅನ್ನ ಮತ್ತು ಮಾನ ಎರಡೂ ಆ ಎರಡು ಹಿಟ್‌ಗಳ ಮೇಲೆ ನಿಂತಿವೆ.

ಪಾಪ, ಆಟದ ನಿಯಮಗಳನ್ನು ಬರೆದವರು ದಯಾಳುಗಳೇ. ಚೆಂಡೆಸೆಯುವ ಪಿಚರ್‌ಗೆ ಬ್ಯಾಟು ಬೀಸಲು ಬಾರದು ಎಂದು ಕನಿಕರಪಟ್ಟು, ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್ 1973ರಲ್ಲಿ ಅವನ ಬದಲಿಗೆ ಬ್ಯಾಟು ಬೀಸಲೆಂದೇ ಒಬ್ಬನನ್ನು ನೇಮಿಸಿತು. ‘ಡೆಸಿಗ್ನೇಟೆಡ್ ಹಿಟರ್’ ಎಂಬ ಈ ಮಹಾಶಯನಿಗೆ ಮೈದಾನಕ್ಕಿಳಿದು ಒಂದು ಚೆಂಡನ್ನೂ ಹಿಡಿಯುವ ಗೊಡವೆ ಇಲ್ಲ. ತನ್ನ ಸರದಿ ಮುಗಿದ ಮೇಲೆ ಅವನು ಬೆಂಚಿನ ಮೇಲೆ ಕುಳಿತು ಸೂರ್ಯಕಾಂತಿ ಬೀಜ ಅಗಿಯಬಹುದು. ಈ ಸೌಕರ್ಯವನ್ನು ಮೊದಲು ಅನುಭವಿಸಿದ್ದು ಯಾಂಕೀಸ್ ತಂಡದ ರಾನ್ ಬ್ಲೂಮ್‌ಬರ್ಗ್, ಅದೂ ಬಾಸ್ಟನ್‌ನ ತವರು ಮೈದಾನವಾದ ಫೆನ್‌ವೇ ಪಾರ್ಕ್‌ನಲ್ಲೇ, 1973ರ ಏಪ್ರಿಲ್ 6ರಂದು. ಹೊಡೆಯುವುದಕ್ಕೆಂದೇ ಹುಟ್ಟಿದ ಆ ಹುದ್ದೆಯ ಮೊದಲ ಸಾಧನೆ ಏನೆಂದರೆ, ಮೂರೂ ಬೇಸ್‌ಗಳು ತನ್ನವರಿಂದ ತುಂಬಿದ್ದಾಗ ಚೆಂಡನ್ನು ಹೊಡೆಯದೆ, ಪಿಚರ್ ಗುರಿತಪ್ಪಿ ದಯಪಾಲಿಸಿದ ನಾಲ್ಕು ಬಾಲ್‌ಗಳ ಪುಣ್ಯದಿಂದ ಮೊದಲ ಬೇಸಿಗೆ ನಡೆದುಹೋದದ್ದು. ಅವನ ಬ್ಯಾಟು ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸಂಗ್ರಹಾಲಯವನ್ನು ಸೇರಿತು.

ಹೀಗೆ ಬ್ಯಾಟು ಬಾರದ ಪಿಚರ್‌ಗೆ ಮಾಫಿ, ಕ್ಯಾಚು ಬಾರದ ಹಿಟರ್‌ಗೆ ಮಾಫಿ. ಬಹುಪಾಲು ವೃತ್ತಿಜೀವನವನ್ನು ಗ್ಲೌಸ್ ತೊಡದೆ ಕಳೆದ ಡೇವಿಡ್ ಒರ್ಟಿಜ್‌ನನ್ನು ಬಾಸ್ಟನ್ ಕುಲದೇವರಂತೆ ಆರಾಧಿಸಿತು, 2022ರಲ್ಲಿ ಹಾಲ್ ಆಫ್ ಫೇಮ್‌ಗೂ ಕಳುಹಿಸಿತು. ಅವನು ಅದಕ್ಕೆ ಅರ್ಹನೇ, ನನ್ನ ತಕರಾರಿಲ್ಲ. ಆದರೆ ಅದೇ ಊರಿನಲ್ಲಿ, ಮೈದಾನದ ನಡುವಿನ ಅತಿ ದೊಡ್ಡ ಹರವನ್ನು ಒಬ್ಬನೇ ಕಾಯುವವನು ‘ನನಗೆ ಬ್ಯಾಟು ಸ್ವಲ್ಪ ಕಷ್ಟ’ ಎಂದರೆ ಅದು ರಾಜದ್ರೋಹ. ಹಿಡಿಯುವುದಕ್ಕೆಂದೇ ಒಬ್ಬನನ್ನು ಇಟ್ಟುಕೊಳ್ಳಬಹುದು ಎಂಬ ಯೋಚನೆ ನಿಯಮಪುಸ್ತಕದ ಯಾವ ಪುಟಕ್ಕೂ ಇನ್ನೂ ಹೊಳೆದಿಲ್ಲ.

ಇದರ ಮೂಲ ಇರುವುದು ಲೆಕ್ಕ ಬರೆಯುವ ರೀತಿಯಲ್ಲಿ. ಫೆನ್‌ವೇಯಲ್ಲಿ ಈಗಲೂ ಕೆಲವು ಹಿರಿಯರು ಮೊಣಕಾಲ ಮೇಲೆ ಸ್ಕೋರ್‌ಕಾರ್ಡ್ ಹರಡಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕುಳಿತಿರುತ್ತಾರೆ. ಪ್ರತಿ ಫೀಲ್ಡರ್‌ಗೂ ಒಂದು ಅಂಕಿ. ಸೆಂಟರ್ ಫೀಲ್ಡರ್‌ನದು 8. ಅವನು ಗಾಳಿಯಲ್ಲಿ ಬಂದ ಚೆಂಡನ್ನು ಹಿಡಿದರೆ ಆ ಪುಟ್ಟ ಚೌಕದಲ್ಲಿ ‘ಎಫ್8’ ಎಂದು ಬರೆದು ಮುಂದಿನ ಚೌಕಕ್ಕೆ ಹೋಗುವುದು ರೂಢಿ. 2017ರ ಜುಲೈ 16ರ ರಾತ್ರಿ, ಚೆಂಡನ್ನು ಗೋಡೆಯಾಚೆಗೆ ಬಡಿಯುವ ಸ್ಪರ್ಧೆಯಾದ ಹೋಮ್ ರನ್ ಡರ್ಬಿಯನ್ನು ಆ ವರ್ಷ ಗೆದ್ದು ಒಂದು ವಾರವೂ ಆಗಿರದ ಯಾಂಕೀಸ್‌ನ ಆರನ್ ಜಡ್ಜ್ ಇದೇ ಮೈದಾನದಲ್ಲಿ ಒಂದು ಚೆಂಡನ್ನು ಬಲನಡುವಿನ ಗೋಡೆಯಾಚೆಗೆ ಬಡಿದ. ಬ್ರಾಡ್ಲಿ ಬೆನ್ನು ತಿರುಗಿಸಿ ಓಡಿ, ಗೋಡೆಯ ಬಳಿ ನೆಗೆದು, ಆಚೆಗೆ ಬೀಳಲಿದ್ದ ಚೆಂಡನ್ನು ಗ್ಲೌಸಿನಲ್ಲಿ ಈಚೆಗೆ ತಂದ. ಸ್ಕೋರ್‌ಕಾರ್ಡಿನಲ್ಲಿ ಬಿದ್ದದ್ದು ‘ಎಫ್8’. ಇನ್ಯಾವನೋ ಎತ್ತಿದ, ನಿಂತಲ್ಲೇ ಆಕಳಿಸುತ್ತ ಹಿಡಿಯಬಹುದಾದ ಚೆಂಡಿಗೂ ಬೀಳುವುದು ಅದೇ ‘ಎಫ್8’. ಜಡ್ಜ್ ಆ ವರ್ಷ 52 ಹೋಮ್ ರನ್ ಬಾರಿಸಿ, ಹೊಸ ಆಟಗಾರರ ಪೈಕಿ ಅತಿ ಹೆಚ್ಚು ಎಂಬ ಅಂದಿನ ದಾಖಲೆಯನ್ನು ತನ್ನ ಹೆಸರಿಗೆ ಬರೆಸಿಕೊಂಡ. 53ನೆಯದು ಎಲ್ಲಿ ಹೋಯಿತೆಂದು ದಾಖಲೆಪುಸ್ತಕವನ್ನು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಬಂದ ರನ್ನಿಗೆ ಲೆಕ್ಕವುಂಟು, ಬಾರದ ರನ್ನಿಗೆ ಖಾತೆಯೇ ಇಲ್ಲ.

ಬೆಂಗಳೂರಿನವರಿಗೆ ಈ ಸಂಕಟ ಅಷ್ಟೇನೂ ಅಪರಿಚಿತವಲ್ಲ. 88 ಟೆಸ್ಟ್ ಆಡಿದ ಸೈಯದ್ ಕಿರ್ಮಾನಿಯ ಹೆಸರೆತ್ತಿದೊಡನೆ ಜನ 1983ರ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ದೇವ್ ಜೊತೆಗೆ ನಿಂತು ಗಳಿಸಿದ 24 ರನ್ನುಗಳನ್ನು ನೆನೆಯುತ್ತಾರೆ. ಸ್ಟಂಪಿನ ಹಿಂದೆ ಸದ್ದಿಲ್ಲದೆ ಹಿಡಿದ ನೂರಾರು ಚೆಂಡುಗಳು ಯಾರ ಕಣ್ಣಿಗೂ ಕಟ್ಟುವುದಿಲ್ಲ.

2018ಕ್ಕೆ ಬರೋಣ. ಮೇ ತಿಂಗಳ ನಡುವಿಗೆ ಬ್ರಾಡ್ಲಿಯ ಸರಾಸರಿ ಮೆಂಡೋಸಾ ಗೆರೆಯಿಂದ ಎಷ್ಟೋ ಕೆಳಗಿತ್ತು. ಹೊಸದಾಗಿ ಬಂದ ಮ್ಯಾನೇಜರ್ ಆಲೆಕ್ಸ್ ಕೋರಾ ಅವನನ್ನು ಕೆಲವು ಪಂದ್ಯ ಬೆಂಚಿನ ಮೇಲೆ ಕೂರಿಸಿಯೂ ನೋಡಿದರು. ಊರಿನ ಪಂಡಿತರ ಬಳಿ ಪರಿಹಾರ ಸಿದ್ಧವಿತ್ತು. ಆ ಫೆಬ್ರುವರಿಯಲ್ಲಷ್ಟೇ ಐದು ವರ್ಷಕ್ಕೆ 11 ಕೋಟಿ ಡಾಲರ್ ಕೊಟ್ಟು ತಂದಿದ್ದ ಜೆ. ಡಿ. ಮಾರ್ಟಿನೆಜ್‌ನನ್ನು ಲೆಫ್ಟ್ ಫೀಲ್ಡಿನಲ್ಲಿ ನಿಲ್ಲಿಸುವುದು, ಅಲ್ಲಿದ್ದ ಬೆನಿನ್‌ಟೆಂಡಿಯನ್ನು ನಡುವಿಗೆ ಸರಿಸುವುದು, ಬ್ರಾಡ್ಲಿಯನ್ನು ಕೂರಿಸುವುದು. ಮಾರ್ಟಿನೆಜ್ ಬ್ಯಾಟು ಹಿಡಿದರೆ ಭೀಮ. ಗ್ಲೌಸ್ ಹಾಕಿದರೆ ಉತ್ತರಕುಮಾರ. ಸೂರು ಸೋರುತ್ತಿಲ್ಲವಾದ್ದರಿಂದ ಹೆಂಚು ತೆಗೆದು ಅದರ ದುಡ್ಡಿನಲ್ಲಿ ಸೋಫಾ ಕೊಳ್ಳೋಣ ಎಂಬ ಈ ಸಲಹೆಯನ್ನು, ಮಳೆಗಾಲ ಎಂದರೇನೆಂದು ಮರೆತವರು ಬಹಳ ಗಂಭೀರವಾಗಿ ಚರ್ಚಿಸಿದರು.

ಬ್ರಾಡ್ಲಿಯ ಪರ ವಾದಿಸಿದವರೂ ಕಡಿಮೆ ವಿನೋದ ಒದಗಿಸಲಿಲ್ಲ. ‘ಅವನು ಚೆನ್ನಾಗಿ ಹಿಡಿಯುತ್ತಾನೆ, ಅಷ್ಟು ಸಾಕು’ ಎಂದು ನೇರವಾಗಿ ಹೇಳಲು ಅವರಿಗೂ ನಾಚಿಕೆ. ಆದ್ದರಿಂದ ಅವರು ಬ್ಯಾಟಿನಿಂದ ಚೆಂಡು ಹೊರಟ ವೇಗವನ್ನು ಅಳೆಯುವ ಯಂತ್ರದ ಮೊರೆಹೊಕ್ಕರು. ಚೆಂಡು ಗಂಟೆಗೆ ನೂರು ಮೈಲಿ ವೇಗದಲ್ಲಿ ಹೋಗಿ ಎದುರಾಳಿಯ ಕೈಯಲ್ಲೇ ಕುಳಿತಿತು ನಿಜ, ಆದರೆ ನ್ಯಾಯವಾಗಿ ಅದು ಹಿಟ್ ಆಗಬೇಕಿತ್ತು. ಹೀಗಾಗಿ ಇವನು ಔಟಾದರೂ ಔಟಾದವನಲ್ಲ, ದುರದೃಷ್ಟವಂತ. ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಅಪ್ಪ ‘ಉತ್ತರ ತಪ್ಪಿರಬಹುದು ಸ್ವಾಮಿ, ಅಕ್ಷರ ಎಷ್ಟು ದುಂಡಗಿದೆ ನೋಡಿ’ ಎಂದು ಮೇಷ್ಟರ ಮುಂದೆ ನಿಂತಂತೆ. ಎಡಗೈ ಬ್ಯಾಟರ್‌ಗಳು ಹೊಡೆಯುವ ಕಡೆಗೇ ಫೀಲ್ಡರ್‌ಗಳನ್ನು ಗುಂಪುಗೂಡಿಸುವ ‘ಷಿಫ್ಟ್’ ಎಂಬ ತಂತ್ರವೇ ಎಲ್ಲಕ್ಕೂ ಕಾರಣ ಎಂಬುದು ಅವರ ಇನ್ನೊಂದು ವಾದ. ಆ ತಂತ್ರಕ್ಕೆ 2023ರಲ್ಲಿ ಕಡಿವಾಣ ಬಿತ್ತು. ಆ ವರ್ಷ ಕಾನ್ಸಾಸ್ ಸಿಟಿಗೆ 43 ಪಂದ್ಯ ಆಡಿದ ಬ್ರಾಡ್ಲಿಯ ಸರಾಸರಿ 0.133. ಹಾಗಾಗಿ ಆ ವಾದವನ್ನು ಇಲ್ಲಿಗೇ ಮುಗಿಸೋಣ.

2018ರಲ್ಲಿ ಕೋರಾ ಊರಿನ ಮಾತಿಗೆ ಹೆಚ್ಚು ಕಿವಿಗೊಡಲಿಲ್ಲ. ಬ್ರಾಡ್ಲಿ ನಡುಮೈದಾನದಲ್ಲೇ ಉಳಿದ, 0.234ಕ್ಕೆ ಬಂದು ಮುಟ್ಟಿದ, ತಂಡ 108 ಪಂದ್ಯ ಗೆದ್ದಿತು. ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧ ಅಮೆರಿಕನ್ ಲೀಗ್‌ನ ಅಂತಿಮ ಸರಣಿ. ಆ ಐದು ಪಂದ್ಯಗಳಲ್ಲಿ ಬ್ರಾಡ್ಲಿ 15 ಸಲ ಬೀಸಿ ಗಳಿಸಿದ ಹಿಟ್ ಮೂರೇ ಮೂರು. ಸರಾಸರಿ ಸರಿಯಾಗಿ 0.200, ಮೆಂಡೋಸಾ ಗೆರೆಯ ನೆತ್ತಿಯ ಮೇಲೆ. ಆದರೆ ಮೂರಕ್ಕೂ ಮುಹೂರ್ತ ಕೂಡಿಬಂದಿತ್ತು. ಎರಡನೇ ಪಂದ್ಯದಲ್ಲಿ ಬೇಸ್‌ಗಳು ತುಂಬಿದ್ದಾಗ ಎರಡನೇ ಬೇಸ್ ಮುಟ್ಟಿಸಿದ ಡಬಲ್, ಮೂರನೆಯದರಲ್ಲಿ ಬೇಸ್‌ಗಳು ತುಂಬಿದ್ದಾಗಲೇ ಹೋಮ್ ರನ್, ಅಂದರೆ ನಾಲ್ಕು ರನ್ ತರುವ ಗ್ರ್ಯಾಂಡ್ ಸ್ಲ್ಯಾಮ್, ನಾಲ್ಕನೆಯದರಲ್ಲಿ ಎರಡು ರನ್ನಿನ ಹೋಮರ್. ಒಟ್ಟು ಒಂಬತ್ತು ರನ್. ಸರಣಿಶ್ರೇಷ್ಠ ಪ್ರಶಸ್ತಿ ಅವನ ಕೈಸೇರಿತು.

ಮೇ ತಿಂಗಳಲ್ಲಿ ಗಲ್ಲು ಬೇಡಿದ್ದ ಬಾಯಿಗಳೇ ಅಂದು ಜಯಕಾರ ಹಾಕಿದವು. ‘ನಾನು ಮೊದಲೇ ಹೇಳಿರಲಿಲ್ಲವೇ?’ ಎಂದವರ ಸಂಖ್ಯೆ ಫೆನ್‌ವೇಯ ಆಸನಗಳ ಸಂಖ್ಯೆಯನ್ನು ಮೀರಿತೆಂದು ನನ್ನ ಅಂದಾಜು. ನನಗೆ ಮಾತ್ರ ಜಯಕಾರಕ್ಕಿಂತ ಆ ಪ್ರಶಸ್ತಿಯೇ ಹೆಚ್ಚು ತಮಾಷೆಯಾಗಿ ಕಂಡಿತು. ಐದಾರು ವರ್ಷ ಗ್ಲೌಸಿನಿಂದ ಊರನ್ನು ಕಾದವನಿಗೆ ಕೊನೆಗೆ ಕಿರೀಟ ತೊಡಿಸಿದ್ದು ಬ್ಯಾಟಿನ ಹೆಸರಿನಲ್ಲಿ, ಅದೂ ಮೂರು ಹೊಡೆತಗಳಿಗೆ. ಅದೇ ಸರಣಿಯ ನಾಲ್ಕನೇ ಪಂದ್ಯ ಉಳಿದದ್ದಾದರೂ ಹೇಗೆ? ಕೊನೆಯ ಇನ್ನಿಂಗ್ಸ್, ಮೂರರಲ್ಲಿ ಎರಡು ಔಟ್, ಹ್ಯೂಸ್ಟನ್‌ನ ಮೂವರು ಬೇಸ್‌ಗಳ ಮೇಲೆ. ಬ್ರೆಗ್‌ಮನ್ ಹೊಡೆದ ಚೆಂಡಿಗೆ ಬೆನಿನ್‌ಟೆಂಡಿ ಮುಂದಕ್ಕೆ ಹಾರಿ ಹುಲ್ಲಿಗೆ ಒಂದು ಗೇಣು ಮೇಲೆ ಕೈಕೊಟ್ಟ. ಅವನೇನಾದರೂ ತಪ್ಪಿದ್ದರೆ 8–6ರ ಆ ಗೆಲುವು ಸೋಲಾಗಿಬಿಡುತ್ತಿತ್ತು. ಹಾಳೆಯ ಮೇಲೆ ಅದು ‘ಎಫ್7’.

ಬ್ರಾಡ್ಲಿಗೆ ಗೋಲ್ಡ್ ಗ್ಲೋವ್ ಕೂಡ ಸಿಕ್ಕಿದ್ದು ಅದೇ ವರ್ಷ, ಒಮ್ಮೆ ಮಾತ್ರ. 2019ರ ಮೇ ಬಂದಾಗ ಸರಾಸರಿ ಮತ್ತೆ ಪಾತಾಳದಲ್ಲಿತ್ತು, ಪಂಡಿತರು ಮತ್ತೆ ಹಾಜರು. ಮೇ 8ರಂದು ಬಾಲ್ಟಿಮೋರ್‌ನಲ್ಲಿ, 11ನೇ ಇನ್ನಿಂಗ್ಸ್‌ನಲ್ಲಿ, ಅಲ್ಲಿಗೇ ಪಂದ್ಯ ಮುಗಿಸಲಿದ್ದ ಟ್ರೇ ಮ್ಯಾನ್ಸಿನಿಯ ಹೊಡೆತವನ್ನು ಅವನು ಗೋಡೆಗೆ ಕಾಲುಕೊಟ್ಟು ಏರಿ, ಆಚೆಬದಿಯಿಂದ ಕಿತ್ತು ತಂದ. ಬಾಸ್ಟನ್ ಮುಂದಿನ ಇನ್ನಿಂಗ್ಸ್‌ನಲ್ಲಿ 2–1ರಿಂದ ಗೆದ್ದಿತು. ಮರುದಿನ ಅವನ ಹೆಸರಿನ ಮುಂದೆ ಇದ್ದದ್ದು ಹಳೆಯ ಬಡ ಸರಾಸರಿಯೇ.

ಎಷ್ಟು ಕೆಳಗಿಳಿದರೆ ನಾನೂ ಕೈಬಿಡುತ್ತೇನೆ ಎಂದು ಯಾರಾದರೂ ಕೇಳಬಹುದು; ಕೇಳಬೇಕಾದ ಪ್ರಶ್ನೆಯೇ. 0.225ಕ್ಕೆ ಬಿಡುವುದಿಲ್ಲ, 0.210ಕ್ಕೆ ಯೋಚಿಸುತ್ತೇನೆ, 0.163ಕ್ಕೆ ನನ್ನ ಬಾಯಿಯೂ ಕಟ್ಟುತ್ತದೆ. 2021ರಲ್ಲಿ ಮಿಲ್ವಾಕಿ ತಂಡಕ್ಕೆ 134 ಪಂದ್ಯ ಆಡಿ ಬ್ರಾಡ್ಲಿ ತಲುಪಿದ್ದು ಅಲ್ಲಿಗೇ. ಯಾವ ಗ್ಲೌಸೂ ಆ ಹೊಂಡವನ್ನು ಮುಚ್ಚಲಾರದು. ಆದರೆ ನನ್ನ ನಾಲಗೆ ಕಟ್ಟಿದ ಹೊತ್ತಿನಲ್ಲೇ ಬಾಸ್ಟನ್ ಆಡಳಿತದ ಕೈ ಬಿಚ್ಚಿಕೊಂಡಿತು. ಬ್ಯಾಟು ಸುಮಾರಾಗಿ ನಡೆಯುತ್ತಿದ್ದಾಗ ವರ್ಷಾವರ್ಷ ಅನುಮಾನಪಟ್ಟು ಕೊನೆಗೆ ಹೋಗಬಿಟ್ಟಿದ್ದವನನ್ನು, ಬ್ಯಾಟು ಸತ್ತ ಮೇಲೆ, 31 ಹೋಮ್ ರನ್ ಬಾರಿಸಿದ್ದ ಹಂಟರ್ ರೆನ್‌ಫ್ರೊನನ್ನು ಕೊಟ್ಟು ವಾಪಸ್ ತಂದುಕೊಂಡಿತು. ತಕ್ಕಡಿ ಸಮವಾಗಲೆಂದು ಎಳೆಯ ಆಟಗಾರರಿಬ್ಬರೂ ಜೊತೆಗೆ ಬಂದರು. ಬಂದವನನ್ನು ಹೆಚ್ಚಾಗಿ ರೈಟ್ ಫೀಲ್ಡಿನಲ್ಲಿ ನಿಲ್ಲಿಸಿತು.

2022ರ ಜುಲೈ 22ರ ಸಂಜೆ, ಫೆನ್‌ವೇ, ಎದುರಾಳಿ ಟೊರಾಂಟೊ ಬ್ಲೂ ಜೇಸ್, ಮೂರನೇ ಇನ್ನಿಂಗ್ಸ್. ಬೇಸ್‌ಗಳು ತುಂಬಿದ್ದವು. ರೈಮೆಲ್ ಟಾಪಿಯಾ ಎತ್ತಿದ ಚೆಂಡು ನಡುಮೈದಾನದತ್ತ ಸಾಗಿತು. ಮುಸ್ಸಂಜೆಯ ಬೆಳಕಿನಲ್ಲಿ ಸೆಂಟರ್ ಫೀಲ್ಡರ್ ಜ್ಯಾರೆನ್ ಡ್ಯುರಾನ್‌ಗೆ ಅದು ಕಾಣಲಿಲ್ಲ. ಚೆಂಡು ಅವನ ಹಿಂದೆ ಎಷ್ಟೋ ದೂರದಲ್ಲಿ ಬಿತ್ತು. ಅವನು ಅದರ ಹಿಂದೆ ಓಡಲೂ ಇಲ್ಲ. ಲೆಫ್ಟ್ ಫೀಲ್ಡಿನಿಂದ ವರ್ಡ್ಯೂಗೊ ಓಡಿ ಬಂದು ಎತ್ತಿಕೊಳ್ಳುವಷ್ಟರಲ್ಲಿ ಟಾಪಿಯಾ ಸೇರಿ ನಾಲ್ವರೂ ಸುತ್ತು ಮುಗಿಸಿ ಮನೆ ಮುಟ್ಟಿದ್ದರು. ಟೊರಾಂಟೊ ಆ ರಾತ್ರಿ 28–5ರಿಂದ ಗೆದ್ದಿತು. ಫೀಲ್ಡರ್ ಚೆಂಡನ್ನು ಮುಟ್ಟಿಯೇ ಇರದ ಕಾರಣ ಸ್ಕೋರ್ ಬರೆಯುವವರು ಅದನ್ನು ತಪ್ಪೆಂದು ನಮೂದಿಸಲಿಲ್ಲ. ಹೋಮ್ ರನ್ ಎಂದೇ ಬರೆದರು. ಡ್ಯುರಾನ್‌ನ ಖಾತೆ ಚೊಕ್ಕಟವಾಗಿ ಉಳಿಯಿತು.

ಇದಾಗಿ ಎರಡು ವಾರ ತುಂಬುವುದರೊಳಗೆ, ಆಗಸ್ಟ್ 4ರಂದು, ಬಾಸ್ಟನ್ ತಂಡ 0.210 ಸರಾಸರಿಯ ಜಾಕಿ ಬ್ರಾಡ್ಲಿ ಜೂನಿಯರ್‌ನನ್ನು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಅವನನ್ನು ಟೊರಾಂಟೊ ಸೇರಿಸಿಕೊಂಡಿತು.