ಒಂದು ಸೊನ್ನೆ, ಒಂದು ಮಗುಚುವ ಕೈ

ನಮ್ಮನೆಯ ಕಪ್ಪು ಪ್ಲಾಸ್ಟಿಕ್ ಮಗುಚುವ ಕೈ ಕಸದ ಗಾಡಿ ಹತ್ತಿ ವರ್ಷದ ಮೇಲಾಯಿತು. ಒಂದು ಅಂಚು ಕರಗಿ ಮುದುರಿತ್ತು. ಆ ಮುದುರಿದ ಕಡೆಯಿಂದಲೇ ದೋಸೆ ಸಲೀಸಾಗಿ ಏಳುತ್ತಿತ್ತು. ಆದರೂ ಎಸೆದೆವು. ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ, ಕಪ್ಪು ಪ್ಲಾಸ್ಟಿಕ್ ಸಾಮಾನಿನಲ್ಲಿ ವಿಷವಿದೆ ಅನ್ನೋ ಸುದ್ದಿ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತದೆ. ನಮಗೆ ಕಳಿಸಿದ್ದು ಚಿಕ್ಕಪ್ಪ.

"ರೀ, ಹಳೇ ಟಿವಿ ಕರಗಿಸಿ ಮಾಡ್ತಾರಂತೆ ಇದನ್ನ," ಎಂದಳು ಹೆಂಡತಿ. ಅದೇನೋ ಸುಳ್ಳಲ್ಲ. ಟಿವಿ, ಕಂಪ್ಯೂಟರಿನ ಕಪ್ಪು ಕವಚಕ್ಕೆ ಬೆಂಕಿ ಹತ್ತದಿರಲಿ ಅಂತ ರಾಸಾಯನಿಕ ಬೆರೆಸಿರುತ್ತಾರೆ. ಆ ಪ್ಲಾಸ್ಟಿಕ್ಕೇ ಸುತ್ತಿ ಬಳಸಿ ಅಡುಗೆಮನೆಗೂ ಬರುತ್ತದೆ. ಹೋದ ಜನ್ಮದಲ್ಲಿ ಧಾರಾವಾಹಿ ತೋರಿಸಿದ್ದು ಈ ಜನ್ಮದಲ್ಲಿ ದೋಸೆ ಮಗುಚುತ್ತದೆ. ಮಾಡಿದ ಪಾಪ ಸುಮ್ನೆ ಬಿಡುತ್ತಾ?

ಇದನ್ನು 2024ರಲ್ಲಿ ಪ್ರಕಟಿಸಿದ್ದು ಅಮೆರಿಕದ ಒಂದು ಸಂಸ್ಥೆ ಮತ್ತು ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯದ ಸಂಶೋಧಕರು. ಇಂಥ ಸಾಮಾನಿನಿಂದ ಅಂಥ ಒಂದು ರಾಸಾಯನಿಕ ದಿನಕ್ಕೆ 34,700 ನ್ಯಾನೊಗ್ರಾಂ (ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಗ್ರಾಂ) ಒಳಗೆ ಹೋಗಬಹುದು ಎಂದರು. ಮಿತಿ ಎಷ್ಟು? ದೇಹದ ಒಂದು ಕೆಜಿ ತೂಕಕ್ಕೆ 7,000. 60 ಕೆಜಿ ಮನುಷ್ಯನಿಗೆ ಗುಣಿಸಿ 42,000 ಎಂದು ಬರೆದರು. ಅಯ್ಯಯ್ಯೋ, ಇನ್ನೇನು ಮುಟ್ಟೇಬಿಟ್ಟೆವಲ್ಲ!

ಆರೇಳ್ಲ ನಲವತ್ತೆರಡು, ಸರಿ. ಈಗ ಸೊನ್ನೆ ಎಣಿಸಿ. ಅರವತ್ತಕ್ಕೆ ಒಂದು, ಏಳು ಸಾವಿರಕ್ಕೆ ಮೂರು. ಒಟ್ಟು ನಾಲ್ಕು. 4,20,000. ಸಂಶೋಧಕರಿಗೂ ಕಾಣಲಿಲ್ಲ, ಅದನ್ನು ಅಚ್ಚು ಹಾಕಿದ ವಿಜ್ಞಾನ ಪತ್ರಿಕೆಯ ಪರವಾಗಿ ಓದಿ ನೋಡಿದವರಿಗೂ ಕಾಣಲಿಲ್ಲ. ಪಾಪ, ಎಲ್ಲರೂ ದೊಡ್ಡ ವಿಷಯ ಯೋಚಿಸುತ್ತಿದ್ದರು. ಕೊನೆಗೆ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ಜೋ ಶ್ವಾರ್ಜ್ ಕುಳಿತು ಗುಣಿಸಿದರು.

ತಿದ್ದುಪಡಿ ಬಂತು. ಲೆಕ್ಕ ತಪ್ಪಿದೆ, ಆದರೆ ಒಟ್ಟು ತೀರ್ಮಾನಕ್ಕೆ ಧಕ್ಕೆಯಿಲ್ಲ ಅಂತ. ಎಂಥಾ ಮಾತು! ಏಳನೇ ಕ್ಲಾಸಿನಲ್ಲಿ ನನಗಿದು ಗೊತ್ತಿದ್ದರೆ ಬದುಕೇ ಬೇರೆ ಇರುತ್ತಿತ್ತು. "ಸಾರ್, ಉತ್ತರ ತಪ್ಪು. ಆದ್ರೆ ನಾನು ಪಾಸು ಅನ್ನೋ ತೀರ್ಮಾನಕ್ಕೆ ಧಕ್ಕೆಯಿಲ್ಲ." ನಮ್ಮ ಮೇಷ್ಟ್ರು ಒಂದು ಸೊನ್ನೆಗೆ ಒಂದು ಏಟು ಕೊಡುತ್ತಿದ್ದರು. ಕಿವಿ ಹಿಂಡುವುದು ಬೇರೆ ಖಾತೆ. ಬಿಟ್ಟ ಸೊನ್ನೆಗೂ ಏಟು, ಜಾಸ್ತಿ ಬರೆದ ಸೊನ್ನೆಗೂ ಏಟು. ಅವರನ್ನು ಯಾವ ವಿಜ್ಞಾನ ಪತ್ರಿಕೆಯೂ ಕರೆಯಲಿಲ್ಲ.

ಚಿಕ್ಕಪ್ಪ ತಿದ್ದುಪಡಿ ಕಳಿಸಲಿಲ್ಲ. ಯಾರು ಕಳಿಸುತ್ತಾರೆ? ನಾವು ಸ್ಟೀಲ್ ಕೈ ತಂದೆವು. ಅದು ನಾನ್‌ಸ್ಟಿಕ್ ಕಾವಲಿಯನ್ನು ಕೆರೆದು ಕೆರೆದು ಕಪ್ಪು ಚೂರನ್ನು ದೋಸೆಗೆ ಹಚ್ಚುತ್ತಿದೆ.

2025ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಿಂದ ಇನ್ನೊಂದು ಅಧ್ಯಯನ ಬಂತು. ನಿಮ್ಮ ಮಿದುಳಿನಲ್ಲಿ ಒಂದು ಪ್ಲಾಸ್ಟಿಕ್ ಚಮಚದಷ್ಟು ಪ್ಲಾಸ್ಟಿಕ್ ಇರಬಹುದಂತೆ. ಅಂದರೆ ಅಡುಗೆಮನೆಯ ಕೈ ಎಸೆದೆವು, ತಲೆಯೊಳಗಿನ ಚಮಚ ಅಲ್ಲೇ ಉಳಿಯಿತು. ಆಮೇಲೆ ಬೇರೆ ವಿಜ್ಞಾನಿಗಳು ತಕರಾರು ತೆಗೆದರು, ಮಿದುಳಿನ ಕೊಬ್ಬನ್ನೇ ಪ್ಲಾಸ್ಟಿಕ್ ಅಂತ ಅಳೆದಿರಬಹುದು ಎಂದು. ಕೊಬ್ಬು ತಲೆಗೇರಿದೆ ಅಂತ ನಮ್ಮಜ್ಜಿ ಯಂತ್ರ ಇಲ್ಲದೇ ಹೇಳುತ್ತಿದ್ದಳು.

ನಗು ಇಲ್ಲಿಗೆ ಸಾಕು. ಇದೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಳ್ಳಂದೂರು ಕೆರೆಯ ನೊರೆಯನ್ನು ವರ್ಷಗಟ್ಟಲೆ ಕಾದು ನೋಡಿದರು. ಶುದ್ಧವಾಗದ ಕೊಳಚೆ ಕೆರೆ ದಾಟಲು 10ರಿಂದ 15 ದಿನ. ಅಷ್ಟರಲ್ಲಿ ಅದರ ಸೋಪಿನ ಅಂಶದಲ್ಲಿ ಒಂದಷ್ಟು ಹೂಳಿಗೆ ಅಂಟಿ ತಳದಲ್ಲಿ ಕೂರುತ್ತದೆ. ಜೋರು ಮಳೆ ಬಂದು ಕಲಕಿದರೆ ಎದ್ದು ನೊರೆ. ಹೀಗೆ ಬಿಡಿಸಿ ಹೇಳಿದ್ದಾರೆ. ಕೊಳಚೆಯನ್ನು ಕೆರೆಗೆ ಬಿಡುವ ಮೊದಲು ಶುದ್ಧ ಮಾಡಿ, ಹೂಳು ತೆಗೆಯಿರಿ, ಅಷ್ಟೇ. ಈ ಸುದ್ದಿ ಕೇಳಿ ಯಾರೂ ರಾತ್ರೋರಾತ್ರಿ ಎದ್ದು ಏನೂ ಮಾಡಲಿಲ್ಲ. ಹೂಳೆತ್ತುವುದು ವರ್ಷಗಟ್ಟಲೆ ಎಳೆಯಿತು, ಮಳೆ ಬಂದಾಗೆಲ್ಲ ನೊರೆ ಎದ್ದಿತು. ಸಾಕಾಗಿದೆ, ನಿಜವಾಗಲೂ. ಪರಿಹಾರ ಗೊತ್ತಿಲ್ಲದಿದ್ದರೆ ಮಾತು ಬೇರೆ.

ಅದರ ಸುದ್ದಿಯನ್ನು ನಾನೇ ಚಿಕ್ಕಪ್ಪನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ಮಾರನೇ ಬೆಳಿಗ್ಗೆ ಗುಲಾಬಿ ಹೂವಿನ ಮೇಲೆ ಶುಭೋದಯ ಬಂತು.