ಅರಿಕೆ ಮಾಡಿದರೆ ಲೆಕ್ಕ ಚುಕ್ತಾ ಎಂಬುದು ತಪ್ಪು

‘ಭಾನುವಾರ ದೇವರ ಮುಂದೆ ತಪ್ಪೊಪ್ಪಿಕೊಂಡರೆ ಸಾಕು, ಮೋಸದಿಂದ ಪಡೆದದ್ದನ್ನು ಕ್ರೈಸ್ತರು ಹಿಂದಿರುಗಿಸಬೇಕಿಲ್ಲ. ಬೈಬಲ್‌ನ ಯೋಹಾನನ ಮೊದಲನೆಯ ಪತ್ರ 1:9 ನೋಡಿ’ ಎಂಬ ಸಂದೇಶ ಹಾವೇರಿ, ಬ್ಯಾಡಗಿ ಕಡೆಯ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಪಾಪವನ್ನು ಅರಿಕೆ ಮಾಡಿದವರಿಗೆ ಕ್ಷಮೆ ಇದೆ ಎಂದು ಆ ವಚನ ಹೇಳುವುದು ನಿಜ. ಹಿಂದಿರುಗಿಸಬೇಡಿ ಎಂದು ಎಲ್ಲಿಯೂ ಹೇಳಿಲ್ಲ. ಮೂರೇ ವಚನಗಳ ಹಿಂದೆ, ಕತ್ತಲೆಯಲ್ಲಿ ನಡೆಯುತ್ತಲೇ ದೇವರೊಂದಿಗೆ ಅನ್ಯೋನ್ಯವಾಗಿದ್ದೇನೆ ಎನ್ನುವುದು ಸುಳ್ಳು ಎಂದೂ ಬರೆದಿದೆ. ಅದನ್ನೇಕೆ ಬಿಟ್ಟರು?

ಬೈಬಲ್‌ನದೇ ಇನ್ನೊಂದು ಪುಸ್ತಕವಾದ ಅರಣ್ಯಕಾಂಡದ 5:7 ಇನ್ನೂ ಸ್ಪಷ್ಟ: ತಪ್ಪನ್ನು ಒಪ್ಪಿಕೊಂಡು, ಪೂರ್ತಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಮೇಲೆ ಸೇರಿಸಿ ಕೊಡಬೇಕು. ಸುಂಕ ವಸೂಲಿಯ ಜಕ್ಕಾಯ, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದ ಮೇಲೆ ಯೇಸು ಅವನ ಮನೆಗೆ ರಕ್ಷಣೆ ಬಂತೆಂದರು. ಕಥೋಲಿಕರ ಬೋಧನೆಯೂ ಕದ್ದದ್ದನ್ನು ಮರಳಿಸಿ ಎಂದೇ ಹೇಳುತ್ತದೆ.

ನಾನು ಇದನ್ನು ಬಿಸಿಯಾಗಿ ಬರೆಯಲು ಕಾರಣವಿದೆ. ಒಂದು ವರ್ಷ ಮಾರುಕಟ್ಟೆಗೆ ಒಯ್ಯುವ ಮೊದಲು ಮೆಣಸಿನಕಾಯಿ ಚೀಲಕ್ಕೆ ನಾನೇ ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದೆ. ವಾರಗಟ್ಟಲೆ ಪ್ರಾರ್ಥಿಸಿದರೂ ಮನಸ್ಸು ಹಗುರಾಗಲಿಲ್ಲ. ಕೊನೆಗೆ ಖರೀದಿದಾರರ ಅಂಗಡಿಗೆ ಹೋಗಿ, ಕೆಂಪು ಧೂಳು ಹಿಡಿದ ಮೇಜಿನ ಮೇಲೆ ನೋಟುಗಳನ್ನು ಎಣಿಸಿಟ್ಟೆ. ಅವರು ಹಳೆಯ ಚೀಟಿಯನ್ನು ಹುಡುಕಿ, ತೂಕವನ್ನು ತಿದ್ದಿ, ನನ್ನ ಕೈಗೆ ಕೊಟ್ಟರು.